ಸೋತ ಬೆರಳಿನ ಪದಗಳು

ಆ ಶುಕ್ರವಾರ ಬೆಳಿಗ್ಗೆ ಅಕ್ಕ ನನ್ನನ್ನು ಕೇಳಿದ್ದು ಝಡ್ ಅಕ್ಷರ ಇರುವ ಹನ್ನೆರಡು ಇಂಗ್ಲಿಷ್ ಪದಗಳನ್ನು. ನಾನು ಹನೂರಿನ ಬಸ್ಸಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ.

"ಸಿದ್ರಾಜು, ಬರಾಗ ಝಡ್ ಇರೋ ಪದ ಒಂದನ್ನೆರಡು ತಕಂಡು ಬಾ ಕಣ್ಲಾ. ಕೌದಳ್ಳಿ ರಾಜಿಗೆ ಎಡಗೈ ಕಿರುಬೆರಳು ಸೋತದ," ಎಂದಳು.

"ಸೊಪ್ಪು ತಕಂಡು ಬಾ ಅನ್ನಂಗೆ ಯೋಳ್ತಾರಲ್ಲ," ಎಂದು ನನ್ನ ಹೆಂಡತಿ ಗೌರಿ ಅಡುಗೆಮನೆಯಿಂದಲೇ ನಕ್ಕಳು. "ಅನ್ನೆರಡು ಅಂದ್ರೆ ಎಷ್ಟು ಕಟ್ಟು ಅತ್ಗೆ?"

ಅಕ್ಕ ಎರಡು ಕೈಯಿಂದಲೂ ಜಡೆ ಸುತ್ತಿ ಗಂಟು ಹಾಕಿಕೊಂಡಳು. ಈಗ ಎಷ್ಟು ಸಲ ನೆನೆದರೂ ನನಗೆ ಮೊದಲು ಕಾಣುವುದು ಅದೇ. ಎರಡು ಕೈ. ಆವತ್ತು ನಾನು ಅದನ್ನು ನೋಡಿಯೂ ನೋಡಲಿಲ್ಲ. ಬಸ್ಸು ತಪ್ಪಿಹೋಗುತ್ತದೆ ಎಂದು ಓಡಿದೆ.

ಅಕ್ಕ ಪುಟ್ಟತಾಯಿ ನಮ್ಮ ಜೊತೆಗೇ ಇದ್ದು, ನಾವಿದ್ದ ಕೊಳ್ಳೇಗಾಲದಲ್ಲಿ ಟೈಪಿಂಗ್ ಕಲಿಸುತ್ತಿದ್ದಳು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕೋಣೆ, ಐದು ಮಷೀನು, ಗೋಡೆಗೆ ಒಂದು ಅಕ್ಷರಗಳ ಪಟ. ಹುಡುಗ ಹುಡುಗಿಯರಿಗೆಲ್ಲ ಅವಳು ತಾಯಮ್ಮ ಮೇಡಮ್ಮು. ನಾನು ಹನೂರಿನ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಎಸ್ಸೆಸ್ಸೆಲ್ಸಿ ದಾಟಿದವನು. ಅಂಥವನ ಹತ್ತಿರ ಟೈಪಿಂಗ್ ಮೇಡಮ್ಮು ಇಂಗ್ಲಿಷ್ ಪದಗಳನ್ನು ಕೇಳುವುದು ವಿಚಿತ್ರ ಅನ್ನಿಸಬಹುದು. ಆದರೆ ಅವಳಿಗೆ ಬೇಕಿದ್ದದ್ದು ಇಂಗ್ಲಿಷ್ ಅಲ್ಲ, ಅಕ್ಷರ. ಅರ್ಥ ಗೊತ್ತಿಲ್ಲದಿದ್ದರೂ ನಡೆಯುತ್ತಿತ್ತು. ಅರ್ಥ ಗೊತ್ತಿಲ್ಲದ ಪದಗಳಂತೂ ನನ್ನಲ್ಲಿ ಬೇಕಾದಷ್ಟಿದ್ದವು.

ಟೈಪಿಂಗ್ ಕಲಿತವರಿಗೆ ಇದು ಗೊತ್ತಿರುತ್ತದೆ. ಒಂದೊಂದು ಬೆರಳಿಗೂ ಅದರದೇ ಅಕ್ಷರಗಳು ಹಂಚಿಕೆಯಾಗಿರುತ್ತವೆ. ಎಡಗೈ ಕಿರುಬೆರಳಿನ ಪಾಲಿಗೆ ಬಂದಿರುವುದು ಕ್ಯೂ, ಎ ಮತ್ತು ಝಡ್. ಅದು ಬಡ ಬೆರಳು, ಸುಲಭಕ್ಕೆ ಒತ್ತುವುದಿಲ್ಲ. ಬೇರೆ ಕಡೆ ಮಾಸ್ತರುಗಳು ಎಲ್ಲರಿಗೂ ಒಂದೇ ಪಾಠ ಕೊಟ್ಟು ಬೀಡಿ ಸೇದಲು ಹೋಗುತ್ತಿದ್ದರಂತೆ. ಅಕ್ಕ ಹಾಗಲ್ಲ. ಟೈಪಾದ ಹಾಳೆಯನ್ನು ತೆಗೆದು, ಬೋರಲು ಮಾಡಿ, ಕಣ್ಣು ಮುಚ್ಚಿಕೊಂಡು ಹಿಂಬದಿಯ ಮೇಲೆ ಬೆರಳಾಡಿಸುತ್ತಿದ್ದಳು. ಜೋರಾಗಿ ಬಿದ್ದ ಅಕ್ಷರ ಹಿಂದುಗಡೆ ಉಬ್ಬಿರುತ್ತದೆ, ಸೋತು ಬಿದ್ದದ್ದು ನುಣ್ಣಗಿರುತ್ತದೆ. "ನಿಂಗೆ ಉಂಗುರದ ಬೆರಳು ಸೋತದ," "ನೀನು ತೋರುಬೆರಳಲ್ಲಿ ಮಷೀನಿಗೆ ಗುದ್ತಾ ಇದ್ದೀಯ, ಅದೇನು ನಿಂಗೆ ದಾಯಾದಿಯಾ?" ಎಂದು ನೋಡದೆಯೇ ಹೇಳುತ್ತಿದ್ದಳು. ಯಾವ ಬೆರಳು ಸೋತಿದೆಯೋ ಆ ಬೆರಳಿನ ಅಕ್ಷರಗಳೇ ತುಂಬಿರುವ ಪದಗಳ ಪಟ್ಟಿಯನ್ನು ಕೈಯಲ್ಲಿ ಬರೆದುಕೊಡುತ್ತಿದ್ದಳು. ಸೋತ ಬೆರಳಿಗೆ ರಜ ಕೊಡಬಾರದು ಎಂಬುದು ಆ ಕೋಣೆಯ ಒಂದೇ ಕಾನೂನು.

ಪಟ್ಟಿ ಹಳೆಯದಾದರೆ ಹುಡುಗರು ಬಾಯಿಪಾಠ ಮಾಡಿಬಿಡುತ್ತಾರೆ. ಅದಕ್ಕೇ ಹೊಸ ಪದಗಳು ಬೇಕು. ಅದಕ್ಕೇ ನಾನು.

ಗೊಬ್ಬರದ ಅಂಗಡಿಯಲ್ಲಿ ಎಷ್ಟು ಇಂಗ್ಲಿಷ್ ಇರುತ್ತದೆ ಎಂಬುದು ಅಲ್ಲಿ ಕೆಲಸ ಮಾಡದವರಿಗೆ ತಿಳಿಯುವುದಿಲ್ಲ. ಎಕ್ಸ್ ಬೇಕೇ, ಮಿಕ್ಸ್ಚರ್, ಆಕ್ಸೈಡ್, ಟಾಕ್ಸಿಕ್. ಕ್ಯೂ ಬೇಕೇ, ಲಿಕ್ವಿಡ್, ಕ್ವಿಂಟಲ್. ಮೂಟೆಯ ಹೊಟ್ಟೆಯ ಮೇಲೆ, ಡಬ್ಬಿಯ ಬೆನ್ನ ಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಅಕ್ಕನ ಹತ್ತು ಬೆರಳಿಗೂ ಸಾಕಾಗುವಷ್ಟು ಪದಗಳು. ಒಂದು ಸಲ ನಾನು ಹೀಗೇ ಮೂಟೆಗೆ ಮುಖ ಕೊಟ್ಟು ನಿಂತಿದ್ದಾಗ ಅಜ್ಜೀಪುರದ ಗಿರಾಕಿಯೊಬ್ಬರು ಕಾದು ಕಾದು ಸಾಕಾಗಿ, "ಏನ್ಸಾ, ಮೂಟೆ ಮ್ಯಾಲೆ ಲಗ್ನಪತ್ರಿಕೆ ಏನಾರ ಬರ್ದವ್ರಾ? ಮೂರ್ತ ಎಷ್ಟೊತ್ಗೆ ನೋಡ್ಬುಟ್ಟು ನಂಗೊಂಚೂರು ಜೋಳದ ಬೀಜ ಕೊಡಿ," ಎಂದರು. ನಾನು ನಾಚಿಕೊಂಡು ಬೀಜದ ಚೀಲ ತೆಗೆದುಕೊಟ್ಟೆ. ಕೊಡುವಾಗ ಚೀಲದ ಮೇಲೆ ಇಂಗ್ಲಿಷಿನಲ್ಲಿ ಮೇಜ್ ಎಂದಿತ್ತು. ಅದರಲ್ಲಿ ಒಂದು ಝಡ್ ಇತ್ತು. ಗಿರಾಕಿಯನ್ನು ಇನ್ನೂ ಒಂದು ನಿಮಿಷ ಕಾಯಿಸಿ ಬರೆದುಕೊಂಡೆ.

ಮೊದಮೊದಲು ಔಷಧಿ ಕಂಪನಿಗಳ ಹೆಸರನ್ನೂ ಬರೆದುಕೊಂಡು ಹೋಗುತ್ತಿದ್ದೆ. ಅವುಗಳಲ್ಲಿ ಝಡ್ಡು ಎಕ್ಸು ಧಾರಾಳ. ಅಕ್ಕ ಒಂದೊಂದನ್ನೇ ಕಾಟು ಹೊಡೆಯುತ್ತ, "ಇವು ಪದ ಅಲ್ಲ ಕಣ್ಲಾ, ಹೆಸ್ರು. ಡಿಕ್ಸ್‌ನರೀಲಿ ಇರ್ಬೇಕು," ಎನ್ನುತ್ತಿದ್ದಳು. "ನೀನು ತಂದಿರೋದ್ರಲ್ಲಿ ಅರ್ಧ ತಿಂದ್ರೆ ಸಾಯೋವು."

ಈ ಹುಡುಕಾಟ ಗೊಬ್ಬರದ ಅಂಗಡಿಯಲ್ಲಿ ಶುರುವಾದದ್ದಲ್ಲ. ನಮ್ಮ ಹುಟ್ಟೂರು ಯಳಂದೂರಿನ ಮಗ್ಗುಲಿನದು. ಎಂಬತ್ತರ ದಶಕದ ಆರಂಭ. ಅಕ್ಕ ಮದುವೆಯಾದ ಎರಡನೇ ವರ್ಷಕ್ಕೆ ಭಾವ ತೀರಿಕೊಂಡು, ಅವಳು ತವರಿಗೆ ಬಂದಿದ್ದಳು. ಆರು ತಿಂಗಳು ಮೂಲೆಯಲ್ಲಿ ಕುಳಿತವಳು ಒಂದು ದಿನ ಎದ್ದು, ಕೊಳ್ಳೇಗಾಲಕ್ಕೆ ಹೋಗಿ ಟೈಪಿಂಗ್ ಕಲಿಯುತ್ತೇನೆ ಎಂದಳು. ಅವ್ವ ಬೇಡ ಅನ್ನಲಿಲ್ಲ, ಒಬ್ಬಳೇ ಹೋಗಬೇಡ ಎಂದಳು. ಹಾಗಾಗಿ ಬೇಸಿಗೆ ರಜೆಯ ಒಂದೂವರೆ ತಿಂಗಳು ನಾನು ಅವಳ ಕಾವಲಿನವನು. ವಯಸ್ಸು ಹನ್ನೊಂದು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಅವಳ ಜೊತೆ ಜಗಳವಾಡುವುದು ಬಿಟ್ಟರೆ ನಾನು ಕಾದದ್ದು ಏನೂ ಇಲ್ಲ.

ಜಗಳ ನಿಲ್ಲಿಸಲು ಅವಳು ಹೂಡಿದ ಆಟವೇ ಇದು. "ಕೆ ಇರೋ ಪದ ತೋರ್ಸು, ಕಿಟಕಿ ನಿಂದೇ." ನಾನು ದಾರಿಯುದ್ದಕ್ಕೂ ಅಂಗಡಿಯ ಬೋರ್ಡು, ಲಾರಿಯ ಬೆನ್ನು, ಗೋಡೆ ಎಲ್ಲವನ್ನೂ ಕಣ್ಣು ಕಿತ್ತು ನೋಡುತ್ತಿದ್ದೆ. ಸೈಕಲ್ ಶಾಪಿನ ಬೋರ್ಡಿನಲ್ಲಿ ಕೆ ಇರುತ್ತದೆ ಎಂದು ಪಂಥ ಕಟ್ಟಿ ಸೋತೆ. ಬ್ಯಾಂಕಿನ ಬೋರ್ಡಿನಲ್ಲಿ ಗೆದ್ದೆ. ಶಾಲೆಯಲ್ಲಿ ಕಲಿಯದ ಇಂಗ್ಲಿಷನ್ನು ಬಸ್ಸಿನಲ್ಲಿ ಕಲಿತೆ ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ. ನನ್ನ ಮಾರ್ಕ್ಸ್ ಕಾರ್ಡ್ ಒಪ್ಪುವುದಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಮಷೀನು ಎಲ್ಲಿಂದ ಬರಬೇಕು? ಅಕ್ಕ ಮೊರದ ಹಿಂಬದಿಗೆ ಸುಣ್ಣದಲ್ಲಿ ಅಕ್ಷರದ ಕೀಲಿಗಳನ್ನು ಸಾಲಾಗಿ ಬರೆದು, ಜಗಲಿಯಲ್ಲಿ ಕುಳಿತು ಟಪಟಪ ಬಡಿಯುತ್ತಿದ್ದಳು. ಎ ಎಸ್ ಡಿ ಎಫ್, ಎ ಎಸ್ ಡಿ ಎಫ್. ಅವ್ವನಿಗೆ ತಡೆಯುತ್ತಿರಲಿಲ್ಲ. "ಮೊರ ಇರೋದು ರಾಗಿ ಕೇರಾಕ ಕಣವ್ವ, ತಾಳ ಆಕಾಕಲ್ಲ," ಎನ್ನುತ್ತಿದ್ದಳು. ಆ ಮೊರದಲ್ಲಿ ಕೇರಿದ ರಾಗಿಯಲ್ಲಿ ಸುಣ್ಣದ ಪುಡಿ ಉದುರುತ್ತಿತ್ತು. ನಾವು ಆ ವರ್ಷ ಎಷ್ಟು ಅಕ್ಷರ ಉಂಡಿದ್ದೇವೋ ಲೆಕ್ಕವಿಲ್ಲ. ಎಲ್ಲಕ್ಕಿಂತ ಬೇಗ ಅಳಿಸಿಹೋಗುತ್ತಿದ್ದದ್ದು ಎ. ಅವಳ ಕಿರುಬೆರಳು ಅಂಥ ಗಟ್ಟಿ.

ಶುಕ್ರವಾರಕ್ಕೆ ಬರುತ್ತೇನೆ. ನಾನು ಹನ್ನೆರಡು ಪದ ಹುಡುಕಿದೆ. ಜಿಂಕ್, ಮೇಜ್, ಫರ್ಟಿಲೈಜರ್, ಹಜಾರ್ಡ್, ಡಜನ್, ಸೈಜ್, ಹೀಗೆ. ಬಿಲ್ಲಿನ ಚೀಟಿಯ ಹಿಂದೆ ಬರೆದು ಷರ್ಟಿನ ಜೇಬಿನಲ್ಲಿಟ್ಟುಕೊಂಡೆ. ಸಂಜೆ ಮನೆಗೆ ಬಂದಾಗ ಅಕ್ಕ ತಲೆನೋವು ಎಂದು ಮಲಗಿಬಿಟ್ಟಿದ್ದಳು. ಬೆಳಿಗ್ಗೆ ಕೊಟ್ಟರಾಯಿತು ಎಂದುಕೊಂಡೆ. ಬೆಳಿಗ್ಗೆ ಗೌರಿ ಕಾಫಿ ಲೋಟ ಕೊಟ್ಟಳು. ಅಕ್ಕನ ಎಡಗೈ ಅದನ್ನು ಹಿಡಿಯಲಿಲ್ಲ. ಲೋಟ ಬಿತ್ತು, ಅವಳು ಬಿದ್ದ ಲೋಟವನ್ನೇ ನೋಡುತ್ತ, "ಯಾಕ್ಲಾ, ಕೈ ನಂದಲ್ಲ ಅನ್ಸ್ತದ," ಎಂದಳು.

ಲಕ್ವ. ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಮಾತು ಉಳಿಯಿತು, ಬಲಗೈ ಉಳಿಯಿತು, ಎಡಗಾಲು ಎಳೆದುಕೊಂಡಾದರೂ ನಡೆಯುವಷ್ಟು ಬಂತು. ಎಡಗೈ ಬರಲಿಲ್ಲ. ಕೈಗೆ ಕೆಲಸ ಕೊಡುತ್ತಿರಿ, ಮೊದಲ ತಿಂಗಳುಗಳು ಮುಖ್ಯ ಎಂದು ಹೇಳಿ ಕಳುಹಿಸಿದರು. ನಾನು ಒಂದು ರಬ್ಬರ್ ಚೆಂಡು ತಂದುಕೊಟ್ಟೆ. ಅವಳು ಹಿಡಿಯುವುದು, ಅದು ಜಾರಿ ಉರುಳುವುದು, ನಾನು ಎತ್ತಿಕೊಡುವುದು. ಪ್ರತಿ ಸಲ ಜಾರಿದಾಗಲೂ ಅವಳ ಮುಖ ನೋಡಲಾಗುತ್ತಿರಲಿಲ್ಲ. ಒಂದು ದಿನ ಚೆಂಡು ಬೀರುವಿನ ಕೆಳಗೆ ಹೋಯಿತು. ನಾನು ಅದನ್ನು ತೆಗೆಯಲಿಲ್ಲ. ಅವಳೂ ಕೇಳಲಿಲ್ಲ.

ಅದರ ಬದಲಿಗೆ ನನಗೆ ಒಂದು ಉಪಾಯ ಹೊಳೆಯಿತು. ಈಗಲೂ ಹೇಳಿಕೊಳ್ಳಲು ಸಂಕಟವಾಗುವ ಉಪಾಯ. ಮಹಡಿಯ ಕೋಣೆ ಬಿಟ್ಟುಕೊಟ್ಟು, ಒಂದೇ ಒಂದು ಮಷೀನನ್ನು ಮನೆಗೆ ತಂದಿದ್ದೆವು. ಬರೀ ಬಲಗೈ ಬೆರಳುಗಳಿಂದಲೇ ಟೈಪು ಮಾಡಬಹುದಾದ ಪದಗಳನ್ನು ಹುಡುಕಿ ತಂದರೆ ಅವಳು ಮತ್ತೆ ಮಷೀನಿನ ಮುಂದೆ ಕೂರಬಹುದಲ್ಲ ಎಂದುಕೊಂಡೆ. ಬಲಗೈಗೆ ಇರುವುದು ಹನ್ನೊಂದು ಅಕ್ಷರ. ಆ ಹನ್ನೊಂದನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದೆ. ಮೊದಲ ದಿನವೇ ಪಂಪ್ ಸಿಕ್ಕಿತು, ಆಯಿಲ್ ಸಿಕ್ಕಿತು. ಬಸ್ಸಿನಲ್ಲಿ ಬರುವಾಗ ಮಾದೇಶ್ವರನ ಬೆಟ್ಟದ ಬೋರ್ಡು ನೋಡಿ ಹಿಲ್ ಸಿಕ್ಕಿತು.

ಅಕ್ಕ ಕೂತಳು. ಸಾಲು ಮುಗಿದು ಗಂಟೆ ಟಿಣ್ ಎಂದಾಗ ಮಷೀನಿನ ಕ್ಯಾರೇಜನ್ನು ತಳ್ಳಬೇಕು. ಅದರ ಹಿಡಿ ಇರುವುದು ಎಡಗಡೆ. ಅಲ್ಲಿ ನಾನು ಕುಳಿತೆ. ಅವಳು ಒತ್ತುವುದು, ನಾನು ತಳ್ಳುವುದು. ಪಂಪ್ ಪಂಪ್ ಪಂಪ್, ಟಿಣ್. ಎಷ್ಟೋ ದಿನದ ಮೇಲೆ ಅಕ್ಕನ ಕೈಯಿಂದ ಆ ಸದ್ದು ಕೇಳಿ ಗೌರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳಿಗೂ ಹುಚ್ಚು ಹಿಡಿಯಿತು. ಒಂದು ಸಂಜೆ ಈರುಳ್ಳಿ ಹೆಚ್ಚುತ್ತಿದ್ದವಳು ಈಳಿಗೆಮಣೆ ಬಿಟ್ಟು ಎದ್ದುಬಂದು, "ರೀ, ಓಟ್ಲು ಬೋರ್ಡಲ್ಲಿ ಆನಿಯನ್ ದೋಸೆ ಅಂತ ಇರ್ತದಲ್ಲ, ಆ ಆನಿಯನ್ನು ಯಾವ ಕೈದು?" ಎಂದಳು. ನಾವು ಮೂವರೂ ಒಂದೊಂದೇ ಅಕ್ಷರ ಹೇಳಿ ನೋಡಿದೆವು. ಪೂರ್ತಿ ಬಲಗೈದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಗೌರಿ ಅಂದು ಇಡೀ ಸಂಜೆ ಪಾಸಾದವಳ ಹಾಗೆ ಓಡಾಡಿದಳು.

ಬಟ್ಟೆ ಅಂಗಡಿಯಿಂದ ನೈಲಾನ್, ಪಾಪ್ಲಿನ್. ನೇಯುವವರ ಬೀದಿಯಿಂದ ಲೂಮ್. ಆದರೆ ಆ ಲೂಮಿನಲ್ಲಿ ನೇಯುವ ಸಿಲ್ಕ್ ಬರಲಿಲ್ಲ, ಅದರ ಮೊದಲ ಅಕ್ಷರ ಎಡಗೈಯದು. ಮಿಲಿಯನ್, ಯೂನಿಯನ್, ಒಪಿನಿಯನ್. ಮೂರು ತಿಂಗಳು ಹೀಗೇ ಹೋಯಿತು. ಅಕ್ಕನ ಎಡಗೈ ಸೆರಗಿನ ಕೆಳಗೆ ತೊಡೆಯ ಮೇಲೆ ಮಲಗಿರುತ್ತಿತ್ತು, ಮಗು ಮಲಗಿದ ಹಾಗೆ. ನಾನು ಅದರ ಕಡೆ ನೋಡುತ್ತಿರಲಿಲ್ಲ.

ನೋಡಿದವಳು ರಾಜಿ. ಕೌದಳ್ಳಿಯಿಂದ ಬಂದು ಟೈಪಿಂಗ್ ಕಲಿಯುತ್ತಿದ್ದ ಆ ಹುಡುಗಿ ಬೇರೆ ಕಡೆ ಸೇರಿಕೊಂಡಿದ್ದಳು. ಪರೀಕ್ಷೆ ಹತ್ತಿರ ಬಂತೆಂದು ಮೇಡಮ್ಮಿನ ಆಶೀರ್ವಾದಕ್ಕೆ ಒಂದು ಭಾನುವಾರ ಬಾಳೆಹಣ್ಣು ಹಿಡಿದುಕೊಂಡು ಬಂದಳು. ಸ್ವಲ್ಪ ಹೊತ್ತು ನಮ್ಮ ಪಂಪ್ ಪಾಪ್ಲಿನ್ನುಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಮೇಡಮ್, ಇವೆಲ್ಲ ಬಲಗೈದೇ ಅಲ್ವಾ? ಸೋತ ಬೆರಳ್ಗೆ ರಜ ಕೊಡಬ್ಯಾಡ ಅಂತ ನಮ್ಗೆ ಬೈತಿದ್ರಿ," ಎಂದಳು.

ಅಕ್ಕ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು. ನಾನು ಹೇಳಿದೆ. "ನೀನು ಪರೀಕ್ಷೆ ಪಾಸಾಗೋದು ನೋಡ್ಕೊ ತಾಯಿ. ಕಾಯಿಲೆಯೋರ್ಗೆ ಪರೀಕ್ಷೆ ಇಡಬ್ಯಾಡ."

ಹುಡುಗಿಯ ಕಣ್ಣು ತುಂಬಿತು. ಅಕ್ಕ ಅವಳ ತಲೆ ಮುಟ್ಟಿ, "ಅವ್ನು ಕಷ್ಟಪಟ್ಟು ಉಡುಕ್ಕಂಡು ತತ್ತಾನೆ ಕಣವ್ವ," ಎಂದಳು. ಅಷ್ಟೇ. ರಾಜಿಯನ್ನು ಗೇಟಿನವರೆಗೆ ಬಿಡಲು ಹೋದಾಗ ನನಗೆ ಆ ಝಡ್ ಚೀಟಿ ನೆನಪಾಯಿತು. ಒಳಗೆ ಹೋಗಿ ಹಳೆಯ ಡೈರಿಯಲ್ಲಿಟ್ಟಿದ್ದದ್ದನ್ನು ತಂದು ಅವಳ ಕೈಗೆ ಕೊಟ್ಟೆ. "ನಿಂಗೆ ಅಂತ್ಲೇ ತರ್ಸಿದ್ದು," ಎಂದೆ. ಬೈದದ್ದಕ್ಕೆ ಕ್ಷಮೆ ಕೇಳುವಷ್ಟು ಬಾಯಿ ಬರಲಿಲ್ಲ.

ಆಮೇಲೂ ನಾನು ಬಲಗೈ ಪದಗಳನ್ನೇ ತಂದೆ. ರಾಜಿಯ ಮಾತು ಸರಿ ಎಂದು ಗೊತ್ತಿದ್ದೂ ತಂದೆ. ನಿಲ್ಲಿಸಿದ್ದು ನನ್ನ ಬುದ್ಧಿಯಿಂದಲ್ಲ, ಪದಗಳು ಮುಗಿದದ್ದರಿಂದ. ಹನ್ನೊಂದು ಅಕ್ಷರದಲ್ಲಿ ಒಬ್ಬ ಗೊಬ್ಬರದ ಅಂಗಡಿಯವನು ಎಷ್ಟು ಇಂಗ್ಲಿಷ್ ಹುಡುಕಿಯಾನು? ನಾಲ್ಕನೇ ತಿಂಗಳಿನ ಕೊನೆಗೆ ಒಂದು ಸಂಜೆ ಬರಿಗೈಯಲ್ಲಿ ಬಂದೆ.

"ಇವತ್ತು ಒಂದೂ ಸಿಗ್ನಿಲ್ಲ ಅಕ್ಕ."

"ಬಲಗೈದು ಮುಗೀತಾ?" ಎಂದಳು. ಆ ದನಿಯಲ್ಲಿ ಬೇಸರವಿರಲಿಲ್ಲ. ಯಾವುದನ್ನೋ ಕಾಯುತ್ತಿದ್ದವರ ದನಿ. "ಅಂಗಾದ್ರೆ ನಾಳಿಂದ ಎಡಗೈದು ತಕಂಡು ಬಾ."

"ಮೊದ್ಲೇ ಯಾಕ ಯೋಳ್ನಿಲ್ಲ ನೀನು?"

"ನೀನು ಬಸ್ಸಿಳಿದು ಬರಾಗ ಜೇಬು ಮುಟ್ಕಂಡು ನಕ್ಕಂಡು ಬತ್ತಿದ್ದೆ. ಬ್ಯಾಡ ಅನ್ನಕ್ಕೆ ಬಾಯಿ ಬರ್ನಿಲ್ಲ." ಸೆರಗಿನ ಕೆಳಗಿನ ಎಡಗೈಯನ್ನು ಸವರುತ್ತ ಹೇಳಿದಳು. "ನಂಗೂ ಎದ್ರಿಕೆ ಇತ್ತು ಕಣ್ಲಾ. ಒತ್ತುದ್ರೆ ಅಕ್ಷರ ಬೀಳ್ದೆ ಓದ್ರೆ ಅಂತ."

ಮಾರನೆಯ ದಿನ ನಾನು ತಂದ ಮೊದಲ ಪದ ಸೀಡ್. ಬೀಜದ ಅಂಗಡಿಯವನಿಗೆ ಅದಕ್ಕಿಂತ ಹತ್ತಿರದ್ದು ಏನಿದೆ? ಅಕ್ಕ ಬಲಗೈಯಿಂದ ಎಡಗೈಯನ್ನು ಎತ್ತಿ ಕೀಲಿಗಳ ಮೇಲೆ ಇಟ್ಟುಕೊಂಡಳು. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು, ಒಂದೊಂದನ್ನೂ ಅದರದರ ಮನೆಯಲ್ಲಿ ಕೂರಿಸಿದಳು. ಆಮೇಲೆ ಒತ್ತಿದಳು. ಹತ್ತು ನಿಮಿಷಕ್ಕೆ ಕಾಗದದ ಮೇಲೆ ಒಂದು ಡಿ ಬಿತ್ತು. ಹೊಗೆಯ ಹಾಗಿತ್ತು. ಹಾಳೆ ತಿರುಗಿಸಿ ಬೆರಳಾಡಿಸಿದಳು. "ಏನೂ ಇಲ್ಲ," ಎಂದಳು. ಎಡಗೈ ಕಡೆ ನೋಡಿ ನಕ್ಕಳು. "ಇವ್ಳು ಫೇಲು."

ಆ ಮಷೀನಿನ ಗುಣ ಒಂದನ್ನು ಹೇಳಬೇಕು. ಕೀಲಿಯನ್ನು ಅರ್ಧ ಒತ್ತಿದರೂ ಕ್ಯಾರೇಜು ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಅಕ್ಷರ ಮಾತ್ರ ಕಾಗದ ಮುಟ್ಟುವುದಿಲ್ಲ. ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ. ಅಕ್ಕನ ಮೊದಲ ಹಾಳೆಗಳು ಇಂಥ ಖಾಲಿಗಳಿಂದಲೇ ತುಂಬಿದ್ದವು. ಬಲ ಇಲ್ಲದಿದ್ದರೂ ಬೆರಳು ಹೋಗಿತ್ತು ಎಂಬುದಕ್ಕೆ ಆ ಖಾಲಿಯೇ ಗುರುತು ಎಂದು ಅವಳು ಅದನ್ನೂ ಎಣಿಸುತ್ತಿದ್ದಳು.

ಏಳು ವಾರ. ನಾನು ಫೀಡ್ ತಂದೆ, ಟ್ರೀ ತಂದೆ, ರೆಸ್ಟ್ ತಂದೆ, ಬೆಟರ್ ತಂದೆ. ಎರಡನೇ ವಾರಕ್ಕೆ ಎಫ್ ಕಪ್ಪಗೆ ಬಿತ್ತು. ನಾಲ್ಕನೇ ವಾರ ಡಿ, ಇ. ಆರನೇ ವಾರದ ಕೊನೆಗೆ ಎಸ್ ಬಂತು. ಅವತ್ತು ಸೀಡ್ ಪೂರ್ತಿ ಬಿತ್ತು. ಹಾಳೆಯ ಹಿಂಬದಿಯನ್ನು ನನ್ನ ಕೈಗೆ ಕೊಟ್ಟು, "ಮುಟ್ಟು, ಮುಟ್ಟು," ಎಂದಳು. ಉಬ್ಬು ಹತ್ತಿತು. ಗೌರಿಯೂ ಕೈ ಒರೆಸಿಕೊಂಡು ಬಂದು ಮುಟ್ಟಿದಳು. ಕಿರುಬೆರಳು ಮಾತ್ರ ಬಾಕಿ ಇತ್ತು. "ಇನ್ನು ಎ ಇರೋವು ತಕಂಡು ಬಾ," ಎಂದಳು. ವಾಟರ್, ಬ್ರೆಡ್, ಡೇಟ್, ಅಡ್ರೆಸ್. ನಾಲ್ಕು ತಂದುಕೊಟ್ಟೆ. ಅವನ್ನು ಒಂದು ವಾರ ಹೊಡೆದಳು. ಎಂಟನೇ ವಾರದ ಸೋಮವಾರ ಬೆಳಗಿನ ಜಾವ ಲಕ್ವ ಎರಡನೇ ಸಲ ಬಂತು. ಆ ಸಲ ಆಸ್ಪತ್ರೆಗೆ ಹೋಗುವಷ್ಟೂ ಸಮಯ ಕೊಡಲಿಲ್ಲ.

ಬಲಗೈಯ ಹಾಳೆಗಳನ್ನು ಕೊಟ್ಟು ಎಡಗೈಗೆ ನಾಲ್ಕು ತಿಂಗಳು ವಾಪಸು ತರಲು ಆಗುವುದಾದರೆ ಎಂದು ನಾನು ಲೆಕ್ಕ ಹಾಕುತ್ತಿರುತ್ತೇನೆ. ಏಳು ವಾರಕ್ಕೆ ಮೂರು ಬೆರಳು ಬಂದಿದ್ದವು. ಗೌರಿ ಇದನ್ನು ಕೇಳಿದರೆ ಬೈಯುತ್ತಾಳೆ. "ನೀವು ತಂದು ಕೊಡ್ದೆ ಇದ್ದಿದ್ರೆ ಅತ್ಗೆ ಮಷೀನ್ ಮುಂದುಕ್ಕೇ ಬತ್ತಿರ್ನಿಲ್ಲ. ಸುಮ್ಕೆ ಇಲ್ಲದ್ದು ತಲೇಗೆ ತುಂಬ್ಕಬ್ಯಾಡಿ." ಅವಳು ಹೇಳುವುದೂ ಇರಬಹುದು. ನನಗೆ ತಿಳಿಯದು.

ಇದೆಲ್ಲ ನೆನಪಾದದ್ದು ಇವತ್ತು ರಾಜಿ ಬಂದುದರಿಂದ. ಪರೀಕ್ಷೆ ಪಾಸಾಗಿ, ಈಗ ಕೊಳ್ಳೇಗಾಲದ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಗೆ ಕಂಪ್ಯೂಟರ್ ಬಂದಿದೆಯಂತೆ. "ಅದ್ರಲ್ಲಿ ಮೆತ್ತಗೆ ಮುಟ್ಟಿದ್ರೂ ಅಕ್ಷರ ಕಪ್ಪಗೇ ಬೀಳ್ತದೆ ಸಾ. ಇಂದ್ಗಡೆ ಮುಟ್ಟಿದ್ರೆ ಏನೂ ಗೊತ್ತಾಗಲ್ಲ," ಎಂದಳು. ಝಡ್ ಚೀಟಿಯನ್ನು ಪರ್ಸಿನಿಂದ ತೆಗೆದು ತೋರಿಸಿದಳು. ಮಡಿಕೆಗಳಲ್ಲಿ ಹರಿದಿತ್ತು. ನಾನು ಆವತ್ತು ಕೇಳದೆ ಉಳಿದ ಕ್ಷಮೆಯನ್ನು ಅವಳಲ್ಲಿ ಕೇಳಿದೆ. ಅವಳು, "ಬುಡಿ ಸಾ, ಮೇಡಮ್ಮು ಇದಕ್ಕಿಂತ ಜೋರಾಗಿ ಬೈದವ್ರೆ," ಎಂದಳು.

ಅವಳು ಹೋದ ಮೇಲೆ ಮಷೀನಿನ ಹೊದಿಕೆ ತೆಗೆದೆ. ಅಕ್ಕ ಕೊನೆಯ ಭಾನುವಾರ ಹೊಡೆದ ಹಾಳೆ ಹಾಗೇ ರೋಲರಿನಲ್ಲಿ ಇತ್ತು. ನಾವು ತೆಗೆದಿರಲಿಲ್ಲ. ಇವತ್ತು ತೆಗೆದು, ಬೋರಲು ಮಾಡಿ, ಅವಳ ಹಾಗೆ ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದೆ. ವಾಟರ್, ಬ್ರೆಡ್, ಡೇಟ್, ಅಡ್ರೆಸ್, ಹದಿನಾಲ್ಕು ಸಾಲು. ಎಫ್ ಇಲ್ಲದ ಪದಗಳಾದ್ದರಿಂದ, ಪಾಪ, ಪ್ರತಿ ಸಾಲಿನ ಕೊನೆಗೂ ಒಂದೊಂದು ಎಫ್ ಸೇರಿಸಿದ್ದಾಳೆ, ಗೆದ್ದ ಅಕ್ಷರವೂ ಬೆರಳಿಗೆ ಮರೆತುಹೋಗದಿರಲಿ ಎಂದು. ಎಸ್ ಕೈಗೆ ಹತ್ತುತ್ತದೆ. ಡಿ ಹತ್ತುತ್ತದೆ. ಎಫ್ ಹತ್ತುತ್ತದೆ.

ಎ ಇಲ್ಲ.